ಬತ್ತೀನಿ ಅಂದ ದನಿ

ಪ್ರಮೀಳಾಳ ಗಂಟಲು ಅಂಥ ಚೆಂದದ ಗಂಟಲೇನೂ ಅಲ್ಲ. ಹಾಡಿಗೆ ಒಗ್ಗದ, ತುಸು ಒಡಕಾದ, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ಗಂಟಲು. ಆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕಿನ ಜನರಿಗೆ ಕಷ್ಟಕಾಲದಲ್ಲಿ ಧೈರ್ಯ ಹೇಳುವ ದನಿ ಯಾವುದಿರಬೇಕು ಅಂತ ಹುಡುಕಿದಾಗ ಕೊನೆಗೆ ಸಿಕ್ಕಿದ್ದು ಅವಳದೇ.

ಅವಳು ಪಾಂಡವಪುರದ ತುರ್ತು ನೆರವಿನ ಕೇಂದ್ರದಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಳು. ನಾಲೆಗೆ ಬಿದ್ದ ಕಾರು, ಕಬ್ಬಿಗೆ ಹೊತ್ತಿಕೊಂಡ ಬೆಂಕಿ, ಬಸುರಿಯ ನೋವು, ಎಲ್ಲವೂ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಊರಿಗೆ ತಿಳಿಯುತ್ತಿತ್ತು. ಅಂಥ ಕಡೆಗೆ ಹಿಂದಿನ ವರ್ಷ ‘ಆಸರೆ’ ಬಂದಿತು. ಆಸರೆ ಅಂದರೆ ಮನುಷ್ಯರಲ್ಲ. ತಾನೇ ಯೋಚಿಸಿ ತಾನೇ ತೀರ್ಮಾನ ಮಾಡುವ ತಂತ್ರಾಂಶ. ಹೊಳೆ ಎಷ್ಟು ಏರಿದೆ ಅಂತ ಅದೇ ನೋಡುತ್ತದೆ, ಯಾವ ದೋಣಿ ಯಾವ ಕೇರಿಗೆ ಅಂತ ಅದೇ ಹೇಳುತ್ತದೆ, ನೂರಾರು ಮನೆಗೆ ಒಂದೇ ಗಳಿಗೆಯಲ್ಲಿ ಫೋನು ಮಾಡಿ ಒಬ್ಬೊಬ್ಬರ ಹತ್ತಿರವೂ ಅವರವರ ಮಾತಿಗೆ ತಕ್ಕ ಉತ್ತರ ಕೊಡುತ್ತದೆ. ದೋಣಿ ಹತ್ತುವ ತನಕ ಯಾರನ್ನೂ ಬಿಡುವುದಿಲ್ಲ, ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸಿಕೊಳ್ಳುತ್ತಲೇ ಇರುತ್ತದೆ. ಹೆತ್ತ ಮಕ್ಕಳೇ ದಿನಕ್ಕೊಂದು ಸಲ ಫೋನು ಮಾಡದ ಕಾಲದಲ್ಲಿ ಇದು ದೊಡ್ಡ ಗುಣವೇ ಅಂತ ಕೇಂದ್ರದವರೆಲ್ಲ ಮೆಚ್ಚಿಕೊಂಡಿದ್ದರು.

ಮೊದಲು ಅದನ್ನು ಕಟ್ಟಿದ್ದು ಸೈನ್ಯಕ್ಕಂತೆ. ಹಿಮದಲ್ಲೋ ಗುಡ್ಡದಲ್ಲೋ ಸಿಕ್ಕಿಕೊಂಡ ಸೈನಿಕರಿಗೆ ‘ಇರುವಲ್ಲೇ ಇರಿ, ನಾವು ಬರುತ್ತಿದ್ದೇವೆ’ ಅಂತ ಹೇಳಿ, ಅವರನ್ನು ಹುಡುಕಿ ಹೊರಗೆ ತರುವುದು ಅದರ ಕಸುಬು. ಸೈನಿಕನಿಗೆ ಇರುವಲ್ಲೇ ಇರು ಅಂದರೆ ಇರುವಲ್ಲೇ ಇರುತ್ತಾನೆ. ಅವನಿಗೆ ಅದೇ ಅಲ್ಲವೇ ಕಲಿಸಿರುವುದು. ನಮ್ಮ ಹೊಳೆಸಾಲಿನ ಹೆಂಗಸರಿಗೆ ಬೇರೆಯೇ ಕಲಿಸಿರುತ್ತಾರೆ ಅನ್ನುವುದು ಬೆಂಗಳೂರಿನಲ್ಲಿ ಕೂತು ಅದನ್ನು ತಿದ್ದಿದವರಿಗೆ ಹೊಳೆಯಲಿಲ್ಲ. ಅವರನ್ನು ಬೈದು ಏನು ಬಂತು, ಪಾಂಡವಪುರದಲ್ಲಿ ಕೂತವರಿಗೂ ಹೊಳೆಯಲಿಲ್ಲ.

ಮೊದಮೊದಲು ಆಸರೆ ಪುಸ್ತಕದ ಕನ್ನಡ ಮಾತಾಡುತ್ತಿತ್ತು. ಮೇಲುಕೋಟೆಯ ಬುಡದಲ್ಲಿರುವ ಒಂದು ಹಳ್ಳಿಗೆ ಪರೀಕ್ಷೆಗೆಂದು ಫೋನು ಮಾಡಿಸಿದರೆ ಅರ್ಧ ಜನ ಅರ್ಧಕ್ಕೇ ಇಟ್ಟರು. ಒಬ್ಬ ಯಜಮಾನ ಮಾತ್ರ ಪೂರ್ತಿ ಕೇಳಿಸಿಕೊಂಡು, “ನಮಗ್ಯಾವ ಪಾಲಿಸೀನೂ ಬ್ಯಾಡ ಕಣಮ್ಮ, ಬುಟ್ಬುಡು” ಅಂದ. ಕಂಪನಿಯಿಂದ ಬಂದಿದ್ದ ಹುಡುಗಿ ಸ್ನೇಹ ತಲೆ ಮೇಲೆ ಕೈ ಹೊತ್ತು ಕೂತಳು. ಪಕ್ಕದ ಮೇಜಿನಲ್ಲಿ ಪ್ರಮೀಳಾ ಯಾರಿಗೋ, “ಅಳ್ಬ್ಯಾಡ ಕಣಕ್ಕ, ಗಾಡಿ ಒಂಟೈತೆ” ಅನ್ನುತ್ತಿದ್ದುದು ಕಿವಿಗೆ ಬಿದ್ದು ಅವಳ ಮುಖ ಅರಳಿತು.

ಹಾಗೆ ಪ್ರಮೀಳಾ ಕಿಟಕಿ ಇಲ್ಲದ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಆಸರೆಗೆ ತನ್ನ ಮಾತು ಕೊಟ್ಟಳು. ಎಲ್ಲ ವಾಕ್ಯಗಳೂ ಸಲೀಸಾಗಿ ಬಂದವು, ಒಂದರ ವಿನಾ. “ಭಯ ಪಡಬ್ಯಾಡಿ. ಇರೋ ಜಾಗ್ದಲ್ಲೇ ಇರಿ. ನಾವು ಬತ್ತಾ ಇದೀವಿ.” ಇದನ್ನು ಎಷ್ಟು ಸಲ ಹೇಳಿದರೂ ಸ್ನೇಹಳಿಗೆ ಸಮಾಧಾನವಾಗಲಿಲ್ಲ.

“ಆಫೀಸಿನವರು ಹೇಳಿದ ಹಾಗಿದೆ ಮೇಡಂ. ನಿಮ್ಮವರು ಯಾರನ್ನಾದ್ರೂ ನೆನೆಸ್ಕೊಂಡು ಹೇಳಿ.”

ಪ್ರಮೀಳಾ ಕಣ್ಣು ಮುಚ್ಚಿದಳು. ಅವಳಿಗೆ ನೆನಪಾದದ್ದು ದೊಡ್ಡವ್ವ. ಆ ಸಲ ಹೇಳಿದಾಗ ಸ್ನೇಹ ಹೆಬ್ಬೆರಳು ಎತ್ತಿ ತೋರಿಸಿದಳು. ಅದೇ ಉಳಿಯಿತು.

ದೊಡ್ಡವ್ವ ಅಂದರೆ ದೊಡ್ಡತಾಯಮ್ಮ, ಪ್ರಮೀಳಾಳ ದೊಡ್ಡಪ್ಪನ ಹೆಂಡತಿ. ಹೆತ್ತವಳು ಹೆರಿಗೆಯಲ್ಲೇ ಹೋದ ಮೇಲೆ ಕೂಸನ್ನು ಎತ್ತಿಕೊಂಡು, ತನ್ನ ಮಗ ಶಿವಶಂಕರನ ಜೊತೆಗೇ ಬೆಳೆಸಿ, ನಾಗಮಂಗಲದ ಕಡೆಗೆ ಮದುವೆ ಮಾಡಿಕೊಟ್ಟವಳು. ಊರು ಹೊಳೆಸಾಲು ಕೊಪ್ಪಲು, ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ, ಕಾವೇರಿಯ ದಡದಲ್ಲೇ. ಆ ಮನೆಗೆ ಪ್ರಮೀಳಾ ಕಾಲಿಟ್ಟು ಮೂರು ವರ್ಷದ ಮೇಲಾಗಿತ್ತು.

ಆದದ್ದಿಷ್ಟೇ. ಪ್ರಮೀಳಾ ಕುಡುಕ ಗಂಡನನ್ನು ಬಿಟ್ಟು ಬಂದು ಕೆಲಸಕ್ಕೆ ಸೇರಿದ್ದಳು. ಆ ಹೊತ್ತಿಗೆ ಶಿವಶಂಕರನ ಮಗಳು ದಿವ್ಯ ದೊಡ್ಡವಳಾದಳು, ಆರತಿ ಮಾಡಿದರು. ಸೋದರತ್ತೆ ತಾನೇ ತಟ್ಟೆ ಹಿಡಿಯಬೇಕು? ಪ್ರಮೀಳಾ ಕೈ ಚಾಚಿದಾಗ ಶಿವಶಂಕರನ ಹೆಂಡತಿ ತಟ್ಟೆಯನ್ನು ಇನ್ನೊಬ್ಬರ ಕಡೆಗೆ ತಿರುಗಿಸಿ, “ಗಂಡನ್ನ ಬುಟ್ ಬಂದೋರು ಬ್ಯಾಡ” ಅಂದುಬಿಟ್ಟಳು. ತುಂಬಿದ ಚಪ್ಪರದಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ದೊಡ್ಡವ್ವನೂ ಬಿಚ್ಚಲಿಲ್ಲ, ಕಂಬ ಹಿಡಿದು ನೆಲ ನೋಡುತ್ತ ನಿಂತುಬಿಟ್ಟಳು. ಸೊಸೆಯ ಮಾತು ಪ್ರಮೀಳಾಳಿಗೆ ಅಷ್ಟೇನೂ ನಾಟಲಿಲ್ಲ. ದೊಡ್ಡವ್ವ ಸುಮ್ಮನಿದ್ದದ್ದು ನಾಟಿತು. ಉಣ್ಣದೆ ಎದ್ದು ಬಂದವಳು ಆಮೇಲೆ ಫೋನೂ ಎತ್ತಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ಪ್ರಮೀಳಾಳ ಕೋಪ ಎಂದೋ ಇಳಿದಿತ್ತು, ಉಳಿದಿದ್ದು ಬರೀ ನಾಚಿಕೆ. ಈ ಗೌರಿಹಬ್ಬಕ್ಕೆ ಹೋಗೋಣ, ದೀಪಾವಳಿಗೆ ಹೋಗೋಣ ಅಂತ ಮುಂದೂಡುತ್ತಲೇ ಇದ್ದಳು.

ಈ ಶ್ರಾವಣದಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿತು, ಹೊಳೆ ದಡ ಮೀರಿತು. ಹೊಳೆಸಾಲಿನವರಿಗೆ ನೆರೆ ಹೊಸದಲ್ಲ. ನೀರು ಬರುತ್ತದೆ, ಹನುಮಂತರಾಯನ ಗುಡಿಯ ಮೆಟ್ಟಿಲು ಮುಟ್ಟುತ್ತದೆ, ಕೈಮುಗಿದು ವಾಪಸ್ಸು ಹೋಗುತ್ತದೆ ಅಂತ ಅವರ ನಂಬಿಕೆ. ಡಂಗೂರ ಹೊಡೆದರೂ ಯಾರೂ ಮನೆ ಬಿಟ್ಟಿರಲಿಲ್ಲ. ಶಿವಶಂಕರ ಹೆಂಡತಿ ಮಗಳೊಂದಿಗೆ ಕೆ.ಆರ್. ಪೇಟೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ. ಹಸು ಈದು ಎರಡು ದಿನವಾಗಿತ್ತು ಅಂತ ದೊಡ್ಡವ್ವ ಹಿಂದುಳಿದಿದ್ದಳು. ಬೆಳಗಿನ ಹಾಲು ಕರೆಯುವ ಹೊತ್ತಿಗೆ ನೀರು ಮೆಟ್ಟಿಲನ್ನೂ ಹತ್ತಿ, ದೇವರನ್ನೂ ದಾಟಿ ಊರೊಳಗೆ ಬಂತು.

ಕೇಂದ್ರದ ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಕೆಂಪು ಹಸಿರು ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೊಂದು ಫೋನು. ಆಸರೆ ಎಲ್ಲರ ಹತ್ತಿರವೂ ಏಕಕಾಲದಲ್ಲಿ ಮಾತಾಡುತ್ತಿತ್ತು, ಅಷ್ಟೂ ಪ್ರಮೀಳಾಳ ದನಿಯಲ್ಲಿ. ಅದಕ್ಕೆ ಗೊಂದಲವಾದ ಕರೆಗಳ ಒಳಗೆ ಹೊಕ್ಕು ಮಾತಾಡುವುದಷ್ಟೇ ಪ್ರಮೀಳಾಳಂಥವರಿಗೆ ಉಳಿದ ಕೆಲಸ. ಅವಳು ಒಂದೇ ಒಂದು ಚುಕ್ಕಿಯನ್ನು ನೋಡುತ್ತಿದ್ದಳು. ಹೊಳೆಸಾಲು ಕೊಪ್ಪಲು, ದೊಡ್ಡತಾಯಮ್ಮ. ಚುಕ್ಕಿ ಹಸಿರಾಗಿತ್ತು. ಪಕ್ಕದಲ್ಲಿ ಬರೆದಿತ್ತು: ನೆರೆಮನೆಯ ತಾರಸಿ ಮೇಲೆ ಇದ್ದಾರೆ, ಸದ್ಯಕ್ಕೆ ಅಪಾಯವಿಲ್ಲ, ದೋಣಿಗಾಗಿ ಕಾಯಬಹುದು.

ಪ್ರಮೀಳಾಳಿಗೆ ಉಸಿರು ಬಂತು. ಪುಟ್ಟಗೌರಮ್ಮನ ತಾರಸಿ ಅದು, ಗಟ್ಟಿ ಮನೆ. ಅವಳು ಬೇರೆಯವರ ಕರೆಗಳಿಗೆ ಕಿವಿ ಕೊಟ್ಟಳು. ಮರ ಹತ್ತಿ ಕೂತವನೊಬ್ಬ, ಅಟ್ಟದ ಮೇಲೆ ಮೂರು ಮಕ್ಕಳ ತಾಯೊಬ್ಬಳು. ಆದರೂ ಮನಸ್ಸು ತಡೆಯದೆ ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವನ ಚುಕ್ಕಿಯನ್ನು ಒತ್ತಿದಳು. ಆಗಷ್ಟೇ ಆಸರೆ ಅವಳಿಗೆ ಎರಡನೇ ಸಲ ಕರೆ ಮಾಡಿತ್ತು. ಮೂರು ವರ್ಷದ ಮೇಲೆ ದೊಡ್ಡವ್ವನ ದನಿ ಕಿವಿಗೆ ಬಿತ್ತು.

“ಆವಾಗ್ನಿಂದ ಎಸ್ರಿಡಿದೇ ಕರೀತಿದ್ದೀಯಲ್ಲವ್ವ! ದೊಡ್ಡತಾಯಮ್ಮೋರೇ ಅಂತೆ. ನಾನು ನಿಂಗೆ ಯಾವೂರ ದೊಡ್ಡತಾಯಮ್ಮ? ಕ್ವಾಪ ಇನ್ನೂ ಓಗಿಲ್ಲ ಅನ್ನು.”

“ಭಯ ಪಡಬ್ಯಾಡಿ ದೊಡ್ಡತಾಯಮ್ಮೋರೇ,” ಅಂದಿತು ಪ್ರಮೀಳಾಳ ದನಿ. “ಇರೋ ಜಾಗ್ದಲ್ಲೇ ಇರಿ. ನಾವು ಬತ್ತಾ ಇದೀವಿ.”

“ನನಗ್ಯಾಕವ್ವ ಭಯ, ನೀನೇ ಬತ್ತೀನಿ ಅಂದ್ಮ್ಯಾಲೆ. ನೀನಂದ ತಕ್ಷಣ ಪುಟ್ಟಗೌರಿ ತಾರಸಿಯಿಂದ ಇಳಿದು ಮನೇಗ್ ಬಂದಿವ್ನಿ. ಮೂರ್ ವರ್ಸದ ಮ್ಯಾಲೆ ಮನೆ ಮಗ್ಳು ಬತ್ತಾವ್ಳೆ, ಬಾಗ್ಲು ಆಕಿದ್ರೆ ಚೆಂದಾನಾ?”

ಪುಟ್ಟಗೌರಮ್ಮನ ಮನೆಗೂ ದೊಡ್ಡವ್ವನ ಮನೆಗೂ ನಡುವೆ ಒಂದು ಓಣಿ, ಎತ್ತಿನ ಗಾಡಿ ಹೋಗುವಷ್ಟು. ಅಷ್ಟು ದೂರ ನಕ್ಷೆಯ ಲೆಕ್ಕಕ್ಕೆ ದೂರವೇ ಅಲ್ಲ. ಚುಕ್ಕಿ ಹಸಿರಾಗಿಯೇ ಇತ್ತು. ಹೆಣ್ಣುಮಗಳು ತವರಿಗೆ ಬರುವ ಹೊತ್ತಿಗೆ ಬಾಗಿಲು ಹಾಕಿರಬಾರದು, ಒಳಗೊಂದು ಜೀವ ಇರಬೇಕು, ಬಾ ಅನ್ನಬೇಕು, ಕಾಲಿಗೆ ನೀರು ಕೊಡಬೇಕು. ಇದು ಅಲ್ಲಿಯ ಪದ್ಧತಿ. ಹೊಳೆಯೇ ಮನೆಯೊಳಗೆ ಬಂದಿರುವಾಗ ಕಾಲಿಗೆ ನೀರು ಕೊಡಲು ಇಳಿದು ಬಂದಿದ್ದಳು ಮುದುಕಿ.

ಪ್ರಮೀಳಾ ಗುಂಡಿ ಒತ್ತಿ ಕರೆಯೊಳಗೆ ನುಗ್ಗಿದಳು. “ದೊಡ್ಡವ್ವಾ! ನಾನು ಪ್ರಮೀಳಾ!”

“ಗೊತ್ತು ಬುಡು ಮಗ, ಇಷ್ಟೊತ್ತೂ ನಿನ್ ತಾವೇ ಅಲ್ವಾ ಮಾತಾಡ್ತಿರೋದು.” ದೊಡ್ಡವ್ವ ನಕ್ಕಳು. “ಈಗ ಬಂತು ನೋಡು ಬಾಯಿಗೆ ದೊಡ್ಡವ್ವ ಅಂತ.”

“ಅದು ನಾನಲ್ಲ ದೊಡ್ಡವ್ವ, ಮಿಷನ್ನು. ನನ್ ದನೀಲಿ ಮಿಷನ್ನು ಮಾತಾಡಿದ್ದು.”

“ಮಿಷನ್ನಾ? ನಿನ್ ಗಂಟ್ಲು ನಂಗೊತ್ತಿಲ್ವಾ? ಸಾಕಿದ್ದು ಯಾರು?”

“ನೀರೆಷ್ಟೈತೆ ಮನೇಲಿ?”

“ಮಂಡಿಗಂಟ ಐತೆ. ಅಸೂನೂ ಕರೂನೂ ಅಗ್ಗ ಬಿಚ್ಚಿ ದಿಬ್ಬದ್ ಕಡೀಕೆ ಒಡ್ದುಬುಟ್ಟೆ. ಒಲೆ ಜಗುಲಿ ಮ್ಯಾಲೆ ಇಟ್ಕೊಂಡು ಒಂಚೂರು ಉಪ್ಪಿಟ್ಟು ತಿರುವ್ತಾವ್ನಿ. ಅವತ್ತು ಉಣ್ದೆ ಓದವಳು ನೀನು.”

“ಒಲೆ ಗಿಲೆ ಬುಡು ದೊಡ್ಡವ್ವ, ನಿನ್ ಕಾಲಿಗ್ ಬೀಳ್ತೀನಿ. ಈಗ್ಲೇ ತಾರಸಿಗೋಗು. ನೀರು ಇನ್ನೂ ಏರ್ತದೆ.”

“ಓಗ್ತೀನಂತೆ, ನೀನ್ ಬಾ. ನೀನ್ ಬಂದು ಬಾಗ್ಲಲ್ಲಿ ನಿಂತು ಮನೇಲಿ ಯಾರೂ ಇಲ್ಲ ಅಂತ ತಿರಿಕ್ಕೊಂಡೋದ್ರೆ? ಅವತ್ತು ನಾನು ಬಾಯ್ಮುಚ್ಕೊಂಡು ನಿಂತ್ಕಂಡೆ. ಅದು ನನ್ನ ಸುಡ್ತಾ ಐತೆ ಕಣ್ಮಗ. ಇವತ್ತು ನಾನೇ ಬಾಗ್ಲಲ್ಲಿ ನಿಂತು ನಿನ್ನ ಒಳೀಕೆ ಕರೀಬೇಕು.”

ಪರದೆಯ ಮೇಲೆ ಹೊಳೆಯ ಅಂಕಿ ಏರುತ್ತಲೇ ಇತ್ತು. ಬಾ ಅಂದರೆ ಬರುವವಳಲ್ಲ, ಹೋಗು ಅಂದರೆ ಹೋಗುವವಳಲ್ಲ. ನೀನು ಬರುತ್ತೀ ಅಂತ ನಾನು ನಿಂತಿದ್ದೇನೆ ಅನ್ನುವವಳನ್ನು ಅಲ್ಲಿಂದ ಕದಲಿಸಲು ಒಂದೇ ಒಂದು ಮಾತಿತ್ತು. ಪ್ರಮೀಳಾ ಅದನ್ನು ಹೇಳಿದಳು.

“ನಾನು ಬರಲ್ಲ.”

“ಆ?”

“ಬರಲ್ಲ ಅಂದೆ. ಇವತ್ತೂ ಬರಲ್ಲ, ನಾಳೇನೂ ಬರಲ್ಲ. ಆ ಮನೆ ಹೊಸ್ಲು ಈ ಜನ್ಮದಲ್ಲಿ ತುಳಿಯಲ್ಲ. ಸುಮ್ನೆ ಕಾಯ್ಬ್ಯಾಡ. ಓಗು ತಾರಸಿಗೆ.”

ಆ ಕಡೆ ನೀರಿನ ಸದ್ದು. ಒಂದು ಪಾತ್ರೆ ತೇಲಿ ಗೋಡೆಗೆ ಬಡಿಯುವ ಸದ್ದು.

“ಆಯ್ತು ಬುಡವ್ವ,” ಅಂದಳು ದೊಡ್ಡವ್ವ ಆಮೇಲೆ, ಮೆಲ್ಲಗೆ. “ಓಯ್ತೀನಿ.”

ಫೋನು ನಿಂತಿತು. ಪ್ರಮೀಳಾ ಎದ್ದು ನಿಂತು ದೋಣಿಯವರಿಗೆ ಕೂಗಿದಳು. ಆಸರೆ ಬೇರೆ ಕೇರಿಗೆ ಹೊರಡಿಸಿದ್ದ ದೋಣಿಯನ್ನು ಮೇಲಿನವರ ಕೈಕಾಲು ಹಿಡಿದು ಹೊಳೆಸಾಲಿಗೆ ತಿರುಗಿಸಿದಳು. ಅದರಲ್ಲೇ ಅವಳ ಗಮನವೆಲ್ಲ ಹೋಯಿತು. ದೋಣಿಯವರು ಓಣಿಗೆ ಬರುವ ಹೊತ್ತಿಗೆ ನೀರು ಕಿಟಕಿಯ ಮೇಲೆ ಹೋಗಿತ್ತು, ಹಿಂಗೋಡೆ ಕುಸಿದು ಹೊಳೆ ಮನೆಯೊಳಗಿಂದಲೇ ಹರಿಯುತ್ತಿತ್ತು. ತಾರಸಿಯ ಮೇಲಿದ್ದ ಪುಟ್ಟಗೌರಮ್ಮನನ್ನೂ ಇನ್ನಿತರರನ್ನೂ ಇಳಿಸಿಕೊಂಡರು. ಅವರಲ್ಲಿ ದೊಡ್ಡತಾಯಮ್ಮ ಇರಲಿಲ್ಲ.

ಎರಡು ದಿನದ ಮೇಲೆ ನೀರು ಇಳಿದಾಗ, ಊರಿಂದ ಕೆಳಗೆ, ಮಲಗಿದ ಕಬ್ಬಿನ ಗದ್ದೆಯಲ್ಲಿ ಸಿಕ್ಕಿದಳು.

ಪ್ರಮೀಳಾ ಅಳಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು, ಅದು ತನಗಿಲ್ಲ ಅನ್ನಿಸಿತ್ತು ಅವಳಿಗೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ದೊಡ್ಡವ್ವ ಈ ಲೋಕದಲ್ಲಿ ಕೇಳಿದ ಕಡೆಯ ಮಾತು ತನ್ನದು, ಅದು ಬರಲ್ಲ ಅನ್ನುವ ಮಾತು. ಅದನ್ನು ಕೇಳಿದ ಮೇಲೆ ಮುದುಕಿಗೆ ತಾರಸಿ ಹತ್ತುವ ಮನಸ್ಸು ಎಲ್ಲಿಂದ ಬರಬೇಕು? ಮನಸ್ಸು ಮುರಿದು ಅಲ್ಲೇ ಕೂತುಬಿಟ್ಟಿರುತ್ತಾಳೆ ಅಂತ ಪ್ರಮೀಳಾ ತೀರ್ಮಾನ ಮಾಡಿಕೊಂಡಿದ್ದಳು. ಕೇಂದ್ರದಲ್ಲಿ ದೊಡ್ಡ ಸಾಹೇಬರು ಬಂದು ಸಮಾಧಾನ ಹೇಳಿದರು. ಆಸರೆಯಿಂದ ಎಷ್ಟೋ ಜೀವ ಉಳಿಯಿತು ಅಂದರು, ಸುಳ್ಳೂ ಅಲ್ಲ. ಇಂಥ ಸಂದರ್ಭದಲ್ಲಿ ಒಂದೊಂದು ಹೀಗೂ ಆಗುತ್ತದೆ, ಯಾರನ್ನೂ ದೂರುವಂತಿಲ್ಲ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ಸ್ನೇಹ ಮಾತ್ರ ಅವಳ ಪಕ್ಕದಲ್ಲಿ ಕೂತು ಕಣ್ಣು ಒರೆಸಿಕೊಂಡಳು.

ತಿಥಿಯ ದಿನ ಪ್ರಮೀಳಾ ಹೊಳೆಸಾಲಿಗೆ ಹೋದಳು. ಹಿಂಗೋಡೆ ಇಲ್ಲದ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಶಿವಶಂಕರ ಅವಳನ್ನು ಕಂಡು ಎದ್ದು ಬಂದ. ಬೈಯುತ್ತಾನೇನೋ ಅಂದುಕೊಂಡಿದ್ದಳು. ಅವನು ಭುಜ ಹಿಡಿದು, “ನಾನೊಬ್ಬ ಇದ್ದಿದ್ರೆ ಇಂಗಾಯ್ತಿತ್ತೇನವ್ವ” ಅಂತ ಮಗುವಿನ ಹಾಗೆ ಅತ್ತ. ಅವನ ಹೆಂಡತಿ ಹಣೆಗೆ ಕೈ ಮುಟ್ಟಿಸಿ ಒಳಗೆ ಹೋದಳು. ಊರವರು ಒಬ್ಬೊಬ್ಬರಾಗಿ ಬಂದು ಪ್ರಮೀಳಾಳ ಕೈ ಹಿಡಿದರು. ನಿನ್ನ ದನಿ ಕೇಳಿ ಜೀವ ಬಂತು ಕಣವ್ವ, ನಮ್ಮ ಹುಡುಗಿ ಬತ್ತೀನಿ ಅಂದ ಮೇಲೆ ದೋಣಿ ಬಂದೇ ಬತ್ತದೆ ಅಂತ ಗಟ್ಟಿಯಾಗಿ ಕೂತಿದ್ದೋ ಅಂದರು. ಅವಳಿಗೆ ಆ ಕೈಗಳನ್ನು ಹಿಡಿದುಕೊಳ್ಳಲೂ ಆಗಲಿಲ್ಲ, ಬಿಡಿಸಿಕೊಳ್ಳಲೂ ಆಗಲಿಲ್ಲ.

ಎಡೆ ಇಟ್ಟು ಎಲ್ಲರ ಊಟ ಆದ ಮೇಲೆ ಪುಟ್ಟಗೌರಮ್ಮ ಅವಳನ್ನು ತನ್ನ ಮನೆಯ ಜಗುಲಿಗೆ ಕರೆದುಕೊಂಡು ಹೋದಳು. ದೊಡ್ಡವ್ವನ ಓರಗೆಯವಳು, ಆ ದಿನ ತಾರಸಿಯ ಅಂಚಿನಲ್ಲಿ ನಿಂತು ಎಲ್ಲವನ್ನೂ ಕಂಡವಳು.

“ನಾನೊಂದು ಮಾತು ಯೋಳ್ಬೇಕು ಕಣ್ಮಗ. ನಿನ್ ಮಕ ನೋಡಿದ್ರೆ ಅನ್ನ ನೀರು ಬುಟ್ಟಂಗೆ ಕಾಣ್ತದೆ.”

“ನಾನು ಬರಲ್ಲ ಅಂದೆ ಅತ್ತೆ,” ಅಂದಳು ಪ್ರಮೀಳಾ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ತಾನಾಗಿ ಹೊರಗೆ ಬಂತು. “ಅವಳು ಮ್ಯಾಲೆ ಅತ್ಲಿ ಅಂತ, ಬರಲ್ಲ ಅಂದ್ಬುಟ್ಟೆ. ಅದ್ನೇ ಕೇಳ್ಕಂಡು ಸತ್ಲು.”

“ಅಯ್ಯೋ, ಉಚ್ಚಿ! ಅದ್ಕೇ ಯೋಳ್ತಾ ಇರೋದು.” ಪುಟ್ಟಗೌರಮ್ಮ ಅವಳ ಕೆನ್ನೆ ಸವರಿದಳು. “ಬರಲ್ಲ ಅಂದ್ಯಲ್ಲ, ಅವ್ಳು ಒಂಟಿದ್ಲು ಕಣೆ. ಸೀರೆ ಎತ್ತಿ ಕಟ್ಕಂಡು, ಗ್ವಾಡೆ ಇಡ್ಕಂಡು ಓಣಿ ದಾಟಿ ನಮ್ ಮೆಟ್ಲುತಾವ್ಕೇ ಬಂದಿದ್ಲು. ಮಕ ಇಷ್ಟು ಮಾಡ್ಕಂಡಿದ್ಲು. ನಾನು ಕೈ ಚಾಚಿದ್ದೆ ಇಡ್ಕಳೋಕೆ. ಅಷ್ಟೊತ್ಗೆ ಸೊಂಟದಲ್ಲಿದ್ದ ಫೋನು ಬಡ್ಕಂತು.”

ಪ್ರಮೀಳಾ ತಲೆ ಎತ್ತಿ ಅವಳನ್ನೇ ನೋಡಿದಳು.

“ನಿಂತ್ಕಂಡು ಕಿವಿಗಿಟ್ಕಂಡ್ಲು. ನೋಡ್ತಾ ನೋಡ್ತಾ ಮಕ ಅರಳೋಯ್ತು ಕಣೆ. ಬತ್ತಾವ್ಳಂತೆ ಪುಟ್ಟಗೌರಿ, ಈಗ ಮತ್ತೆ ಯೋಳಿದ್ಲು, ಬತ್ತಾ ಇದೀನಿ ಅಂತ! ಆವಾಗ ಏನೋ ಕ್ವಾಪಕ್ಕೆ ಅಂದಿದ್ಲು, ನನ್ ಮಗ್ಳು ಅಂಗೆಲ್ಲ ಕಲ್ಲು ಮನಸಿನವಳಲ್ಲ ಅಂತ ನಕ್ಕೊಂಡು ಯೋಳ್ತಾ ತಿರೀಕ್ಕಂಡೇಬುಟ್ಲು. ಬ್ಯಾಡ ಕಣೇ ಅಂತ ಗಂಟ್ಲು ಅರ್ಕಂಡೆ. ಬಾಗ್ಲು ತಕ್ಕೊಂಡು ಹೊಸ್ಲಲ್ಲಿ ನಿಂತ್ಕಂಡು ದಾರಿ ನೋಡ್ತಿದ್ಲು. ಆಮೇಲೇ ಗ್ವಾಡೆ ಓದದ್ದು.”

ಪುಟ್ಟಗೌರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಮಾಧಾನ ಹೇಳಿದ ತೃಪ್ತಿ ಅವಳ ಮುಖದಲ್ಲಿತ್ತು.

“ನೀನು ಕ್ವಾಪ ಇಳಿದು ಮತ್ತೆ ಫೋನು ಮಾಡಿದ್ದು ಒಳ್ಳೇದಾಯ್ತು ಕಣ್ಮಗ. ಇಲ್ದಿದ್ರೆ ಆ ಜೀವ ಕೊರಗ್ಕೊಂಡು ಓಗ್ತಿತ್ತು. ನಗ್ತಾ ಓದ್ಲು. ನೀನೇ ಅಲ್ವಾ ಮಾಡಿದ್ದು?”

ದೋಣಿ ಹತ್ತುವ ತನಕ ಬಿಡದೆ ಕರೆಯುವ ಆಸರೆಯ ಗುಣ ಪ್ರಮೀಳಾಳಿಗೆ ಗೊತ್ತಿತ್ತು. ಆ ದಿನ ಆ ಒಂದು ಕರೆಯನ್ನು ನಿಲ್ಲಿಸಲು ತಾನು ಒಂದು ಗುಂಡಿ ಒತ್ತಿದ್ದರೆ ಸಾಕಾಗಿತ್ತು ಅನ್ನುವುದೂ ಈಗ ನೆನಪಾಯಿತು. ದೊಡ್ಡವ್ವ ಮೆಟ್ಟಿಲ ತನಕ ಬಂದಿದ್ದಳು. ತಾನು ಕಳಿಸಿದವಳನ್ನು ತನ್ನದೇ ದನಿ ವಾಪಸ್ಸು ಕರೆದಿತ್ತು.

ಪುಟ್ಟಗೌರಮ್ಮ ಉತ್ತರಕ್ಕೆ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದಳು.

“ಊಂ ಕಣತ್ತೆ,” ಅಂದಳು ಪ್ರಮೀಳಾ. “ನಾನೇ ಮಾಡಿದ್ದು.”